ಮೂವತ್ತೇಳನೆಯ ಬಾವಿ

ನೀರಿನ ಸಾಹೇಬರ ಜೀಪು ನಮ್ಮೂರಿಗೆ ಬಂದ ದಿನ ನೀರು ಅಂದಾನವ್ವನ ಮನೆಯಲ್ಲಿತ್ತು. ಅಲ್ಲಿಗೆ ಬಂದು ಆರು ದಿನವಾಗಿತ್ತು. ಊರಿನ ಹೆಂಗಸರೆಲ್ಲ ಬಿಸಿಲಿಗೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಅವಳ ಹೊಸ್ತಿಲಿಂದ ಬೀದಿಯ ತಿರುವಿನವರೆಗೆ ನಿಂತಿದ್ದೆವು. ಒಂದೇ ಮನೆಯ ಮುಂದೆ ಅಷ್ಟು ಜನ ಮುಸುಕು ಹಾಕಿ ನಿಂತದ್ದನ್ನು ಕಂಡ ಸಾಹೇಬರು ಆ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆಂದು ತಿಳಿದರು. ಜೀಪನ್ನು ದೂರದಲ್ಲೇ ನಿಲ್ಲಿಸಿ, ಟೋಪಿ ತೆಗೆದು, ಬೂಟು ಬಿಚ್ಚಿ, ಬರಿಗಾಲಲ್ಲಿ ಬಂದು ತಲೆ ತಗ್ಗಿಸಿ ನಿಂತರು. ಕಾದ ನೆಲದ ಮೇಲೆ ಒಂದು ಕಾಲು ಎತ್ತಿ ಇನ್ನೊಂದು ಇಡುತ್ತಿದ್ದರು. ಅಂದಾನವ್ವ ಒಳಗಿನಿಂದ ನೋಡಿ, ಯಾರೋ ಪಾಪ ಬಾಯಾರಿ ಬಂದಿದ್ದಾನೆಂದು ಅವರಿಗೆ ತಂಬಿಗೆ ತುಂಬಿ ನೀರು ಕೊಡಿಸಿದಳು. ಸಾಹೇಬರು ಕುಡಿದು, ಮೆಲ್ಲಗೆ, ಹೋದವರಿಗೆ ಎಷ್ಟು ವಯಸ್ಸಾಗಿತ್ತು ಎಂದು ಕೇಳಿದರು. ನಾವು ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಒತ್ತಿಕೊಂಡೆವು. ಅವರು ಅದನ್ನು ಅಳುವೆಂದುಕೊಂಡು ಇನ್ನಷ್ಟು ತಲೆ ತಗ್ಗಿಸಿದರು.

ಅವರ ಹೆಸರು ಪಟ್ಟಾಭಿರಾಮಯ್ಯ. ತೆಂಕಣ ಸೀಮೆಯವರು, ನಲವತ್ತು ದಾಟಿದ ಸಣಕಲು ಆಳು, ಮೂಗಿನ ಮೇಲೆ ದಪ್ಪ ಕನ್ನಡಕ. ದೇಶ ನಮ್ಮದಾಗಿ ಆರೇಳು ವರ್ಷವಾಗಿತ್ತು. ನಮ್ಮದಾದ ಮೇಲೆ ಅದರ ಹೊಟ್ಟೆಯೊಳಗೆ ಏನೇನಿದೆ ಎಂದು ತಿಳಿಯಬೇಕಲ್ಲ, ಅದಕ್ಕೆ ಸರ್ಕಾರ ಇಂಥವರನ್ನು ಊರೂರಿಗೆ ಕಳಿಸುತ್ತಿತ್ತು. ಎಲ್ಲಿ ಯಾವ ಕಲ್ಲು, ಎಷ್ಟು ಆಳದಲ್ಲಿ ನೀರು, ಎಲ್ಲವನ್ನೂ ಅಳೆದು ಬರೆದುಕೊಂಡು ಹೋಗುವುದು ಅವರ ಕೆಲಸ. ಅವರು ಅಂದಾನವ್ವನ ಕಟ್ಟೆಯ ಮೇಲೆ ಒಂದು ದೊಡ್ಡ ನಕ್ಷೆ ಹರಡಿದರು. ಹೊಳೆಗಳು ನೀಲಿ, ಗುಡ್ಡಗಳು ಕಂದು. ನಡುವೆ ಒಂದು ಕಡೆ ಬೆರಳಿಟ್ಟು ನೀವು ಇಲ್ಲಿದ್ದೀರಿ ಎಂದರು. ನಾವೆಲ್ಲ ಬಗ್ಗಿ ನೋಡಿದೆವು. ಅಲ್ಲಿ ಬರೀ ಬಿಳಿ ಕಾಗದವಿತ್ತು.

ಊರಲ್ಲಿ ಬಾವಿಗಳು ಮೂವತ್ತೇಳು, ನೀರು ಒಂದೇ. ಅದು ಒಂದು ಸಲಕ್ಕೆ ಒಂದು ಬಾವಿಯಲ್ಲಿರುತ್ತದೆ. ಒಂದು ಮನೆಯಲ್ಲಿ ಹನ್ನೊಂದು ದಿನ ಇದ್ದದ್ದುಂಟು, ಇನ್ನೊಂದರಲ್ಲಿ ಮಧ್ಯಾಹ್ನ ಬಂದು ದೀಪ ಹಚ್ಚುವ ಹೊತ್ತಿಗೆ ಎದ್ದು ಹೋದದ್ದೂ ಉಂಟು. ಇಂಥ ಮನೆಯ ನಂತರ ಇಂಥ ಮನೆ ಎಂಬ ಲೆಕ್ಕವಿಲ್ಲ. ಹಾಗಾಗಿ ನಮ್ಮಲ್ಲಿ ಬೀದಿ ಬಾಗಿಲಿಗೆ ಚಿಲಕ ಹಾಕುವ ರೂಢಿಯಿಲ್ಲ. ನೀರು ಬಂದ ಮನೆಯವರು ಹೊಸ್ತಿಲಲ್ಲಿ ನಿಂತು ಹಿತ್ತಾಳೆ ತಾಟು ಬಾರಿಸುತ್ತಾರೆ, ಊರು ಕೊಡ ಎತ್ತಿಕೊಂಡು ಬರುತ್ತದೆ. ಇಡೀ ಊರು ಅಂಗಳ ತುಳಿಯುವಾಗ ಆ ಮನೆಯವರು ಒಲೆ ಹಚ್ಚುವುದು ಹೇಗೆ? ಉಳಿದವರೇ ಅವರಿಗೆ ರೊಟ್ಟಿ ಕಳಿಸುತ್ತಾರೆ. ಮೂವತ್ತು ವರ್ಷ ಮುಖ ಮುಖ ನೋಡದ ಅಣ್ಣತಮ್ಮಂದಿರಿದ್ದಾರೆ. ಅಣ್ಣನ ಮನೆಗೆ ನೀರು ಬಂದರೆ ತಮ್ಮನ ಹೆಂಡತಿ ಹೋಗಿ ಸೇದಿ, ಅಲ್ಲೇ ಕುಳಿತು ನೆಗೆಯಾಣಿಯ, ಅಂದರೆ ಅಣ್ಣನ ಹೆಂಡತಿಯ, ತಲೆ ಬಾಚಿ, ಮನೆಗೆ ಬಂದು ಮತ್ತೆ ಜಗಳ ಮುಂದುವರಿಸುತ್ತಾಳೆ. ಇದನ್ನೆಲ್ಲ ನಾವು ವಿಚಿತ್ರವೆಂದು ಎಣಿಸಿರಲಿಲ್ಲ. ಬೇರೆ ಊರುಗಳಲ್ಲಿ ಎಲ್ಲ ಬಾವಿಗಳಲ್ಲೂ ಏಕಕಾಲಕ್ಕೆ ನೀರಿರುತ್ತದೆ ಎಂದು ಸಾಹೇಬರು ಹೇಳಿದಾಗ ಅಂದಾನವ್ವ ಕೇಳಿದ್ದು ಒಂದೇ ಮಾತು, ಹಾಗಾದರೆ ಅಲ್ಲಿಯ ಜನ ಒಬ್ಬರನ್ನೊಬ್ಬರು ನೋಡುವುದು ಯಾವಾಗ ಎಂದು.

ಎರಡು ಕಟ್ಟಳೆಗಳನ್ನು ಮಾತ್ರ ಹೇಳಿಬಿಡುತ್ತೇನೆ. ಒಂದು, ನೀರು ಬಂದ ಮನೆಯವರು ಎಲ್ಲರಿಗಿಂತ ಕಡೆಗೆ ಸೇದಬೇಕು. ಊರೆಲ್ಲ ತುಂಬಿಕೊಂಡ ಮೇಲೆ ಅವರ ಕೊಡ ಇಳಿಯಬೇಕು. ಇನ್ನೊಂದು, ಕೊಡ ಇಳಿಸುವಾಗ ಆ ಬಾವಿ ತೋಡಿದವನ ಹೆಸರನ್ನು ಬಾಯಿಬಿಟ್ಟು ಕರೆಯಬೇಕು. ತೋಡಿದವರಲ್ಲಿ ಬಹಳ ಜನ ಸತ್ತು ಮಣ್ಣಾಗಿ ನೂರು ವರ್ಷ ಕಳೆದಿದೆ. ಆದರೂ ಅವರ ಹೆಸರುಗಳು ನಮ್ಮ ಬಾಯಲ್ಲಿ ಓಡಾಡುತ್ತವೆ.

ನಮ್ಮ ಮನೆಯ ಬಾವಿಯನ್ನು ನಮ್ಮವರೇ ತೋಡಿದ್ದು. ಮದುವೆಯಾದ ವರ್ಷ ಹಾರೆ ಹಿಡಿದು ಇಳಿದರು. ಅಲ್ಲಿ ಬೇಡ, ಊರಿನ ಅಂಚು ಅದು, ನೀರು ಅಷ್ಟು ದೂರ ಬರುವುದಿಲ್ಲ ಎಂದು ಎಲ್ಲರೂ ಹೇಳಿದರು. ಅವರು ಕೇಳುವ ಪೈಕಿಯಲ್ಲ. ಎರಡು ಬೇಸಿಗೆ ತೋಡಿ, ಸುತ್ತ ಕಲ್ಲು ಕಟ್ಟಿ, ಮೇಲೆ ಗಡಗಡಿ ಹಾಕಿ, ಹೊಸ ಹಗ್ಗ ಸುತ್ತಿಟ್ಟರು. ನೀರು ಬರಲಿಲ್ಲ. ಪ್ರತಿ ವರ್ಷ ಯುಗಾದಿಗೆ ಮುಂಚೆ ಕೆಳಗಿಳಿದು ಒಣ ಎಲೆ, ಧೂಳು ಬಳಿದು ತೆಗೆದು, ಮೇಲೆ ಬಂದು, ಈ ಸಲ ಬಂದೇ ಬರುತ್ತದೆ ಎನ್ನುತ್ತಿದ್ದರು. ಹನ್ನೆರಡು ವರ್ಷ ಹಾಗೆಯೇ ಅಂದು ತೀರಿಕೊಂಡರು. ತಮ್ಮ ಬಾವಿಗೆ ನೀರು ಬರಲೇ ಇಲ್ಲವೆಂದು ತಿಳಿದೇ ಹೋದರು.

ಆದರೆ ಬಂದಿತ್ತು. ನಮ್ಮವರು ಬಾವಿ ಮುಗಿಸಿದ ಮರು ವರ್ಷವೇ ಬಂದಿತ್ತು, ಒಂದು ಮಧ್ಯಾಹ್ನ. ಜೋಳದ ಸುಗ್ಗಿ, ಊರಿನ ಒಂದು ನರಪಿಳ್ಳೆಯೂ ಮನೆಯಲ್ಲಿರಲಿಲ್ಲ. ನನ್ನ ಮಗಳು ಮುರಿಗೆವ್ವ ಹತ್ತು ತಿಂಗಳ ಕೂಸು, ಮೂರು ದಿನದಿಂದ ಮೈ ಕೆಂಡ. ಮನೆಯಲ್ಲಿದ್ದ ನೀರು ಮುಗಿದಿತ್ತು, ಊರ ನೀರು ಆಗ ಯಾವ ಬಾವಿಯಲ್ಲಿದೆಯೆಂದು ಹೇಳುವವರೂ ಇರಲಿಲ್ಲ. ಕೂಸು ಅಳುವುದನ್ನೂ ಬಿಟ್ಟು ತುಟಿ ಒಡೆದುಕೊಂಡು ಮಲಗಿತ್ತು. ಆಗ ಹಿತ್ತಲಲ್ಲಿ ಸದ್ದಾಯಿತು. ಹೋಗಿ ಬಗ್ಗಿದೆ, ಕೆಳಗೆ ಆಕಾಶ ಕಾಣಿಸಿತು. ತಾಟು ಎತ್ತಿಕೊಂಡು ಹೊಸ್ತಿಲವರೆಗೆ ಓಡಿದೆ, ದೇವರಾಣೆ ಓಡಿದೆ. ಹೊಲ ಒಂದು ಹರದಾರಿ ದೂರ. ಅವರಿಗೆ ಕೇಳಿ, ಅವರು ಬಂದು, ಎಲ್ಲರೂ ಸೇದಿ, ನನ್ನ ಸರದಿ ಬರುವಷ್ಟರಲ್ಲಿ ಕೂಸು ಇರುತ್ತಿರಲಿಲ್ಲ. ತಾಟು ಕೆಳಗಿಟ್ಟು ವಾಪಸು ಹೋಗಿ ಹಗ್ಗಕ್ಕೆ ತಂಬಿಗೆ ಕಟ್ಟಿ ಒಂದೇ ಒಂದು ಸಲ ಸೇದಿದೆ. ಅವಸರದಲ್ಲಿ ಹೆಸರನ್ನೂ ಕರೆಯಲಿಲ್ಲ. ಕೂಸಿಗೆ ಹನಿಹನಿಯಾಗಿ ಕುಡಿಸಿ, ಉಳಿದದ್ದನ್ನು ಅದರ ನೆತ್ತಿಗೆ ತಟ್ಟಿ, ತಾಟು ಬಾರಿಸಲು ಎದ್ದಾಗ ಹಿತ್ತಲು ಸುಮ್ಮನಾಗಿತ್ತು. ಬಗ್ಗಿ ನೋಡಿದರೆ ಕತ್ತಲು. ಸಂಜೆ ಹೊಲದಿಂದ ಬಂದವರು ನೀರು ಸಿಂಪಿಗರ ಮನೆಯಲ್ಲಿದೆ ಎಂದು ಅತ್ತ ಓಡಿದರು. ನಾನೂ ಕೊಡ ಹಿಡಿದು ಓಡಿದೆ. ಯಾರಿಗೂ ಹೇಳಲಿಲ್ಲ. ನಾನು ಮೊದಲು ಸೇದಿದ್ದಕ್ಕೇ ಎದ್ದು ಹೋಯಿತು, ಇನ್ನು ಬರುವುದಿಲ್ಲ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಪ್ರತಿ ಯುಗಾದಿಗೆ ಅವರು ಬಾವಿಗೆ ಇಳಿಯುವಾಗ ಮೇಲೆ ಹಗ್ಗ ಹಿಡಿದು ನಿಲ್ಲುತ್ತಿದ್ದವಳು ನಾನೇ. ಆ ಹೊತ್ತಿನಲ್ಲಿ ನನಗೆ ಆಗುತ್ತಿದ್ದ ಸಂಕಟವನ್ನು ಇವತ್ತಿಗೂ ಯಾರ ಮುಂದೆ ಹೇಳಿಕೊಳ್ಳಲಿ.

ಸಾಹೇಬರು ಶಾಲೆಯ ಒಂದು ಕೋಣೆಯಲ್ಲಿ ಇಳಿದುಕೊಂಡರು. ಎಂಟು ದಿನಕ್ಕೆ ಬಂದವರು ಐದು ತಿಂಗಳು ಇದ್ದರು. ಅವರಲ್ಲಿ ಒಂದು ಉಕ್ಕಿನ ಟೇಪು ಇತ್ತು. ಅದರ ತುದಿಗೆ ಬಳಪ ಉಜ್ಜಿ ಬಾವಿಯೊಳಗೆ ಇಳಿಬಿಟ್ಟು ಮೇಲೆಳೆದರೆ ಬಳಪ ಎಲ್ಲಿಯವರೆಗೆ ನೆನೆದಿದೆಯೋ ಅಲ್ಲಿಯವರೆಗೆ ನೀರು. ಮೊದಲ ವಾರ ಮೂವತ್ತೇಳು ಬಾವಿಗಳನ್ನೂ ಅಳೆದು, ಒಂದರಲ್ಲಿ ಮಾತ್ರ ನೀರು ಎಂದು ಬರೆದು ಕಳಿಸಿದರು. ಎರಡನೆಯ ವಾರ ಮತ್ತೆ ಅಳೆದರು. ಮತ್ತೆ ಒಂದರಲ್ಲೇ, ಆದರೆ ಬೇರೊಂದರಲ್ಲಿ. ಅದನ್ನೂ ಪ್ರಾಮಾಣಿಕವಾಗಿ ಬರೆದರು. ಮೇಲಿನ ಕಚೇರಿಯಿಂದ ಉತ್ತರದ ಬದಲು ಒಂದು ಹೊಸ ಟೇಪು ಬಂತು, ಅದರ ಜೊತೆಗೆ ಬಿಸಿಲಿನಲ್ಲಿ ತಲೆಗೆ ಬಟ್ಟೆ ಕಟ್ಟಿಕೊಳ್ಳತಕ್ಕದ್ದು ಎಂಬ ಒಂದು ಸುತ್ತೋಲೆ.

ಮೂರನೆಯ ತಿಂಗಳಲ್ಲಿ ಅವರಿಗೆ ಅದು ಸಿಕ್ಕಿತು. ಬೆಳಗಿನ ಹೊತ್ತು, ಸಿಂಪಿಗರ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದರು. ನಾನು ಸಾಲಿನಲ್ಲಿ ನಾಲ್ಕನೆಯವಳು. ಮೊದಲು ದನಗಳು ಮೇವು ಬಿಟ್ಟು ತಲೆ ಎತ್ತಿದವು. ಆಮೇಲೆ ಒಳಗೆ ಗೋಡೆಯ ಹಲಗೆಯ ಮೇಲಿದ್ದ ಪಾತ್ರೆಗಳು ಸಣ್ಣಗೆ ನಡುಗಿದವು. ಹಗ್ಗ ಹಿಡಿದಿದ್ದವಳು ಹಗ್ಗ ಬಿಟ್ಟು ಹಿಂದೆ ಸರಿದಳು. ನಮಗೆಲ್ಲ ಗೊತ್ತಿತ್ತು, ಸೆರಗು ಸರಿಮಾಡಿಕೊಂಡು ಬೀದಿಯ ಎರಡೂ ಬದಿಗೆ ನಿಂತು ದಾರಿ ಬಿಟ್ಟೆವು. ನೀರು ಪಾದದ ಕೆಳಗೆ ಹಾದುಹೋಯಿತು. ಬಹಳ ಮಂದಿ ಬರಿಗಾಲಲ್ಲಿ, ಅವಸರವಿಲ್ಲದೆ, ಮಾತಾಡದೆ ಹೋದ ಹಾಗೆ. ಹುಟ್ಟಿದಾಗಿನಿಂದ ಕೇಳಿದ್ದೇವೆ, ಆದರೂ ಪ್ರತಿ ಸಲ ಮೈ ಜುಮ್ಮೆನ್ನುತ್ತದೆ, ಕೈಗಳು ತಾವೇ ಮುಗಿಯುತ್ತವೆ. ಸಾಹೇಬರು ಚಹಾದ ಬಟ್ಟಲು ಬಿಟ್ಟು ನಡುಬೀದಿಯಲ್ಲಿ ಬೋರಲು ಬಿದ್ದು ನೆಲಕ್ಕೆ ಕಿವಿ ಕೊಟ್ಟರು. ಸದ್ದು ಸಾಗಿದಂತೆ ಅವರೂ ಮೊಣಕಾಲ ಮೇಲೆ ಅದರ ಹಿಂದೆ ಸಾಗಿದರು. ಇಡೀ ಬೀದಿ ಅವರಿಗೆ ಕೇಳಲೆಂದು ಉಸಿರು ಬಿಗಿಹಿಡಿದು ನಿಂತಿತ್ತು. ಶಾಲೆಯ ಬಾವಿಯಲ್ಲಿ ನೀರು ಏರಿದ ಸದ್ದಾದ ಮೇಲೆ ಅವರು ಎದ್ದರು. ಅರ್ಧ ಮುಖ ಕೆಮ್ಮಣ್ಣು, ಕನ್ನಡಕ ಎಲ್ಲೋ ಬಿದ್ದಿತ್ತು.

"ಇಪ್ಪತ್ತು ವರ್ಷದಿಂದ ಕಲ್ಲು ಕುಟ್ತಾ ಇದೀನಿ ತಾಯಿ," ಎಂದು ಎದುರಿಗಿದ್ದ ನನಗೆ ಹೇಳಿದರು. "ಅದರೊಳಗೆ ಹೀಗೆ ನಡ್ಕೊಂಡು ಹೋಗೋರು ಇದಾರೆ ಅಂತ ನನಗೆ ಯಾರೂ ಹೇಳಿರ್ಲಿಲ್ಲ."

ಅವರ ಕಣ್ಣಲ್ಲಿ ನೀರಿತ್ತು. ನಾನು ಕನ್ನಡಕ ಹುಡುಕಿ ಒರೆಸಿ ಕೊಟ್ಟೆ. ಆವತ್ತಿನಿಂದ ಅವರು ಮೇಲಿನ ಕಚೇರಿಗೆ ವಾರದ ಕಾಗದ ಬರೆಯುವುದನ್ನು ನಿಲ್ಲಿಸಿದರು, ಎಲ್ಲ ಮುಗಿದ ಮೇಲೆ ಒಂದೇ ಸಲ ಬರೆಯುತ್ತೇನೆ ಎಂದರು. ದಿನಾ ಬೆಳಿಗ್ಗೆ ಬಳಪ ಉಜ್ಜಿಕೊಂಡು ನೀರಿದ್ದ ಮನೆಗೆ ಬಂದು, ಸಾಲಿನಲ್ಲೇ ನಿಂತು, ತಮ್ಮ ಸರದಿ ಬಂದಾಗ ತೋಡಿದವನ ಹೆಸರು ಕರೆದು ಟೇಪು ಇಳಿಸುತ್ತಿದ್ದರು.

ನಮ್ಮ ಬಾವಿಗೂ ನಾಲ್ಕು ಸಲ ಬಂದರು. ನಾಲ್ಕೂ ಸಲ ಬಳಪ ಇಳಿದ ಹಾಗೆಯೇ ಬೆಳ್ಳಗೆ ಮೇಲೆ ಬಂತು. ಆಳ ಮಾತ್ರ ಬರೆದುಕೊಂಡರು, ಅರವತ್ತೆರಡು ಅಡಿ. ಒಬ್ಬರೇ ತೋಡಿದ್ದೆಂದು ಕೇಳಿ ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಆಮೇಲೆ ಸುತ್ತಿಗೆ ಹಿಡಿದು ನಮ್ಮ ಹಿತ್ತಲ ಆಚೆಯ ಬಯಲಿನಲ್ಲಿ ಎಂಟು ದಿನ ತಿರುಗಿದರು. ಒಂಬತ್ತನೆಯ ದಿನ ಊಟದ ಹೊತ್ತಿಗೆ ಒಂದು ತುಂಡು ಕಲ್ಲು ಹಿಡಿದು ಬಂದರು. ಒಲೆಯ ಕಪ್ಪಿನಷ್ಟು ಕಪ್ಪು, ತೂಕವೂ ಬಹಳ. ಮುರಿಗೆವ್ವ ಚೊಚ್ಚಲ ಬಾಣಂತನಕ್ಕೆಂದು ಗಂಡನ ಊರಿನಿಂದ ಬಂದಿದ್ದಳು, ಏಳು ತುಂಬಿತ್ತು. ಅವಳೇ ಅವರಿಗೆ ತಾಟು ಹಾಕಿ ಸಾರು ಬಡಿಸಿದಳು. ಸಾಹೇಬರು ಉಣ್ಣದೆ ಒಂದು ಗಟ್ಟಿ ಕಟಕ ರೊಟ್ಟಿಯನ್ನು ತಾಟಿನ ನಡುವೆ ಅಡ್ಡಲಾಗಿ ನಿಲ್ಲಿಸಿ, ಅದರ ಈಚೆ ಬದಿಗೆ ಮಾತ್ರ ಸಾರು ಸುರಿಸಿಕೊಂಡರು.

"ಈ ಕಡೆ ಊರು, ಆ ಕಡೆ ನಿಮ್ಮ ಬಾವಿ," ಎಂದರು. "ನಡುವೆ ಈ ಕರಿ ಕಲ್ಲಿನ ಗೋಡೆ. ಎರಡು ಮೈಲಿ ಉದ್ದ ಹೋಗಿದೆ, ಆಳ ಎಷ್ಟೋ ಗೊತ್ತಿಲ್ಲ. ಮನುಷ್ಯರು ಹುಟ್ಟೋದಕ್ಕೆ ಮುಂಚಿನಿಂದ ಇದೆ. ನಿಮ್ಮೂರ ನೀರು ನಡೆಯುತ್ತೆ, ಒಪ್ಪಿದೆ, ನಾನೇ ಕೇಳಿದೀನಿ. ಆದರೆ ನಡೆಯೋದಕ್ಕೂ ದಾರಿ ಬೇಕಲ್ಲಮ್ಮ. ನಿಮ್ಮ ಬಾವಿಗೆ ನೀರು ಯಾವತ್ತೂ ಬಂದಿಲ್ಲ, ಬರೋದೂ ಇಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ."

ಯಾರ ತಪ್ಪೂ ಇಲ್ಲ ಎಂಬ ಮಾತು ಕೇಳಿದ್ದೇ ನಾನು ಅಡುಗೆಮನೆಗೆ ಹೋಗಿ ಗೋಡೆಗೆ ಆತು ನಿಂತೆ. ಹತ್ತೊಂಬತ್ತು ವರ್ಷ ಎದೆಯ ಮೇಲೆ ಹೊತ್ತದ್ದನ್ನು ಒಬ್ಬ ಕನ್ನಡಕದ ಮನುಷ್ಯ ಬಂದು ಒಂದು ತಾಟು ಸಾರಿನಲ್ಲಿ ಇಳಿಸಿಬಿಟ್ಟಿದ್ದ. ಕಲ್ಲು ಅಡ್ಡವಿದ್ದರೆ ನಾನೇನು ಮಾಡಲಿ? ನಾನು ಸೇದಿದರೂ ಒಂದೇ, ಬಿಟ್ಟರೂ ಒಂದೇ. ಮನಸ್ಸು ಅದೆಷ್ಟು ಹಗುರವಾಯಿತೆಂದರೆ, ಆ ಮಧ್ಯಾಹ್ನ ನಡೆದದ್ದೆಲ್ಲ ನಿದ್ದೆಗೆಟ್ಟ ತಾಯಿಯ ಭ್ರಮೆಯೇ ಇರಬೇಕು ಎಂದುಕೊಳ್ಳಲೂ ತಯಾರಾದೆ. ಸಾಹೇಬರು ಉಳಿದ ರೊಟ್ಟಿ ತಿಂದು ಮಾತಾಡುತ್ತಾ ಮಾತಾಡುತ್ತಾ ಎದ್ದು ಹೋದರು. ತಾಟು ತೊಳೆಯಲೆಂದು ಎತ್ತಿದೆ. ಗೋಡೆಯಾಗಿ ನಿಲ್ಲಿಸಿದ್ದ ರೊಟ್ಟಿ ನೆನೆದು ಮೆತ್ತಗಾಗಿತ್ತು. ಸಾರು ಆಚೆ ಬದಿಗೂ ಬಂದು ನಿಂತಿತ್ತು.

ಮಾರನೆಯ ವಾರ ಹೊಸ ಹುಕುಂ ಬಂತು. ಬೇರೆ ಯಾವುದೋ ತಾಲ್ಲೂಕಿನಲ್ಲಿ ಹಾಳುಬಾವಿಗೆ ಎಮ್ಮೆ ಬಿದ್ದಿತ್ತಂತೆ. ಆದ್ದರಿಂದ ಅಳತೆಗೆ ಹೋದವರು ನೀರು ಕಾಣದ ಬಾವಿಗಳನ್ನು ಗುರುತಿಸಿ ಕಲ್ಲುಮಣ್ಣು ತುಂಬಿ ಮುಚ್ಚಿಸಿಯೇ ಹೊರಡಬೇಕು. ನಮ್ಮೂರಿಗೆ ಆ ಮಾತನ್ನು ಹೇಗೆ ಹೊಂದಿಸುವುದೆಂದು ಸಾಹೇಬರು ಎರಡು ದಿನ ತಲೆ ಕೆರೆದುಕೊಂಡರು. ಹುಕುಮಿನ ಪ್ರಕಾರ ಯಾವ ದಿನ ನೋಡಿದರೂ ಮೂವತ್ತಾರನ್ನು ಮುಚ್ಚಬೇಕು. ಕಡೆಗೆ ಒಂದು ದಾರಿ ಮಾಡಿಕೊಂಡರು. ತಾವು ಅಳೆದು ನೀರು ಕಂಡ ಬಾವಿಗಳು ಜೀವಂತ. ತಾವು ಕಾಣದಿದ್ದರೂ, ಕಂಡೆವೆಂದು ಮನೆಯವರಲ್ಲದ ಒಬ್ಬರು ಸಾಕ್ಷಿ ಹೇಳಿದರೆ ಅವೂ ಜೀವಂತ. ಪಟ್ಟಿಯನ್ನು ಊರಿನ ಮುಂದೆ ಓದಿ ಒಪ್ಪಿಗೆ ಪಡೆಯುವುದೆಂದಾಯಿತು.

ಶಾಲೆಯ ಬೇವಿನ ಮರದ ಕೆಳಗೆ ಬೆಳಿಗ್ಗೆ ಎಲ್ಲರೂ ಸೇರಿದೆವು. ಸಾಹೇಬರು ಒಂದೊಂದೇ ಬಾವಿಯ ಹೆಸರು ಓದಿದರು. ಹನ್ನೆರಡು ಬಾವಿಗಳಿಗೆ ಅವರು ಬಂದ ಮೇಲೆ ನೀರು ಹೋಗಿರಲಿಲ್ಲ. ಅವಕ್ಕೆಲ್ಲ ಜನ ಮೇಲೆ ಬಿದ್ದು ಸಾಕ್ಷಿ ಹೇಳಿದರು. ಮೂವತ್ತು ವರ್ಷದ ಜಗಳದ ತಮ್ಮ ಎದ್ದು ಅಣ್ಣನ ಬಾವಿಯ ನೀರು ಊರಲ್ಲೇ ಸಿಹಿ ಎಂದು ಬರೆಸಿ, ಅಣ್ಣನ ಮುಖ ನೋಡದೆ ಕೂತ. ಎಲ್ಲವೂ ಒಂದೇ ನೀರಲ್ಲವೇ ಎಂದು ಯಾರೂ ಕೇಳಲಿಲ್ಲ. ಕಡೆಗೆ ಸಾಹೇಬರ ದನಿ ಇಳಿಯಿತು.

"ಮೂವತ್ತೇಳು. ಮಡಿವಾಳಪ್ಪನ ಬಾವಿ. ಅರವತ್ತೆರಡು ಅಡಿ. ನೀರು ಕಂಡವರಿಲ್ಲ."

ನಮ್ಮವರ ಹೆಸರು ನಾಲ್ಕು ಜನರ ನಡುವೆ ಹಾಗೆ ಗಟ್ಟಿಯಾಗಿ ಕೇಳಿ ನನಗೆ ಏಳು ವರ್ಷವಾಗಿತ್ತು. ಎಲ್ಲರೂ ನನ್ನತ್ತ ನೋಡದಿರಲು ಪ್ರಯತ್ನಪಡುತ್ತಿದ್ದರು. ಸುಮ್ಮನೆ ಕೂತಿದ್ದರೆ ಮುಗಿದಿತ್ತು. ತಪ್ಪು ಕಲ್ಲಿನದು ಎಂದು ಸರ್ಕಾರವೇ ಮೊಹರು ಒತ್ತಿ ಕೊಡುತ್ತಿತ್ತು. ಆದರೆ ನಮ್ಮವರು ಎರಡು ಬೇಸಿಗೆ ತೋಡಿದ ಜಾಗಕ್ಕೆ ಸಂಜೆಯೊಳಗೆ ಕಲ್ಲುಮಣ್ಣು ಬೀಳುತ್ತಿತ್ತು, ನೀರು ಬಂದೇ ಇರಲಿಲ್ಲವೆಂಬ ಮಾತು ಕಾಗದದ ಮೇಲೆ ಕಾಯಂ ಆಗುತ್ತಿತ್ತು. ಬದುಕಿದ್ದಾಗ ಅವರಿಗೆ ಹೇಳಲಿಲ್ಲ. ಸತ್ತ ಮೇಲೂ ಅವರನ್ನು ಸುಳ್ಳು ಮಾಡುವುದೇ? ನನ್ನ ಕಾಲುಗಳು ತಾವೇ ಎದ್ದವು.

"ನೀರು ಬಂದಿತ್ರಿ," ಎಂದೆ.

ಸಾಹೇಬರು ಪೆನ್ನು ಹಿಡಿದುಕೊಂಡೇ, ಯಾವಾಗ, ಎಷ್ಟು ಹೊತ್ತು, ಯಾರು ಸೇದಿದರು ಎಂದು ಪಟ್ಟಿಯಲ್ಲಿದ್ದ ಪ್ರಶ್ನೆಗಳನ್ನು ಒಂದರ ಹಿಂದೊಂದು ಕೇಳಿದರು. ನಾನು ಸುಗ್ಗಿಯ ಮಧ್ಯಾಹ್ನದಿಂದ ಹಿಡಿದು ಎಲ್ಲ ಹೇಳಿದೆ. ತಾಟು ಕೆಳಗಿಟ್ಟದ್ದನ್ನೂ ಹೇಳಿದೆ.

"ನಾನ ಸೇದಿದೆ. ಯಾರನ್ನೂ ಕರೀಲಿಲ್ಲ. ಮೊದಲ ನಾನ ಸೇದಿದೆ."

ಸಿಂಪಿಗರ ಯಜಮಾನ, ಆದದ್ದಾಯಿತು, ತಪ್ಪಾಯಿತು ಅಂದುಬಿಡು ತಂಗಿ, ಊರು ಹೊಟ್ಟೆಗೆ ಹಾಕಿಕೊಳ್ಳುತ್ತದೆ ಎಂದು ಮೆಲ್ಲಗೆ ಹೇಳಿದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ.

"ತಪ್ಪಾತು ಅನ್ನಾಕ ನನಗ ಬಾಯಿ ಬರವಲ್ದು ಅಣ್ಣ," ಎಂದೆ. "ಇವತ್ತ ಹಂಗ ಆದ್ರೂ ನಾ ಮತ್ತ ಹಂಗ ಮಾಡ್ತೀನಿ."

ಗುಂಪಿನಲ್ಲಿ ಗುಜುಗುಜು ಎದ್ದಿತು. ಆಗ ಅಂದಾನವ್ವ ಕೋಲು ಊರಿ ಎದ್ದು ನಿಂತಳು. ಅವಳಿಗೆ ಎಂಬತ್ತರ ಮೇಲೆ. ಊರಲ್ಲಿ ಕಟ್ಟಳೆ ಎಂದರೆ ಅವಳೇ. ಅವಳ ಮನೆಗೆ ನೀರು ಬಂದಾಗ ಕಡೆಯ ಕೊಡ ಹೋದ ಮೇಲೂ ಒಂದು ಗಳಿಗೆ ಕಾದು, ಇನ್ನು ಯಾರಾದರೂ ಇದ್ದೀರಾ ಎಂದು ಬೀದಿಗೆ ಬಂದು ಕೇಳಿ, ಆಮೇಲೆ ಸೇದುವವಳು. ಅವಳ ಬಾಯಿಂದ ಏನು ಬರುತ್ತದೋ ಎಂದು ಕಾದೆ.

"ಏಸು ಸೇದಿದಿ?" ಎಂದು ಕೇಳಿದಳು.

"ಒಂದ ತಂಬಿಗಿ, ಆಯಿ."

"ನೀ ಕುಡದೇನು?"

"ಇಲ್ಲ. ಕೂಸಿಗೆ ಕುಡಿಸಿದೆ."

ಸಾಹೇಬರು ನನ್ನ ಮಾತನ್ನು ನಂಬುತ್ತೇನೆಂದೂ, ಆದರೆ ನಿಯಮದ ಪ್ರಕಾರ ನೀರು ಕಂಡ ಇನ್ನೊಬ್ಬರು ಬೇಕೆಂದೂ, ಆ ಕಲ್ಲನ್ನು ದಾಟಿ ನೀರು ಬಂದಿತೆಂದರೆ ಮೇಲಿನವರು ಸಾಕ್ಷಿ ಕೇಳದೆ ಬಿಡುವುದಿಲ್ಲವೆಂದೂ ಹೇಳಿದರು. ಅಂದಾನವ್ವ ತನ್ನ ಕೋಲನ್ನು ಎತ್ತಿ ಹೆಂಗಸರ ನಡುವೆ ತುಂಬಿದ ಬಸುರಿ ಕೂತಿದ್ದ ನನ್ನ ಮಗಳ ಕಡೆಗೆ ಚಾಚಿದಳು.

"ನೀರು ಎಲ್ಲೂ ಹೋಗಿಲ್ರಿ ಸಾಹೇಬ್ರ," ಎಂದಳು. "ಅಗಾ, ಅಲ್ಲಿ ಕುಂತೈತಿ ನೋಡ್ರಿ. ಒಂದ ತಂಬಿಗಿ ಇದ್ದದ್ದು ಈಗ ಎರಡು ಜೀವ ಆಗೈತಿ. ಬಂದು ಅಳ್ಕೊಳ್ರಿ."

ಎಲ್ಲರೂ ತಿರುಗಿ ಮುರಿಗೆವ್ವನನ್ನು ನೋಡಿದರು. ನಾನೂ ನೋಡಿದೆ. ಹೆತ್ತು, ಎಣ್ಣೆ ನೀರೆರೆದು, ಜಡೆ ಹಾಕಿ, ಧಾರೆ ಎರೆದು ಕೊಟ್ಟವಳು ನಾನು. ಆದರೂ ಆ ಬೆಳಿಗ್ಗೆಯವರೆಗೆ ಅವಳನ್ನು ನೋಡಿಯೇ ಇರಲಿಲ್ಲವೇನೋ ಅನ್ನಿಸಿತು. ನೀರು ನನ್ನ ಮೇಲೆ ಮುನಿದು ಎದ್ದು ಹೋಯಿತೆಂದು ತಿಳಿದಿದ್ದೆ. ಇಷ್ಟು ವರ್ಷ ಅದು ನನ್ನ ಮನೆಯಲ್ಲೇ ಓಡಾಡಿತ್ತು, ರೊಟ್ಟಿ ಬಡಿದಿತ್ತು, ನನ್ನೊಡನೆ ಜಗಳವಾಡಿತ್ತು. ನಮ್ಮವರ ಹೆಗಲ ಮೇಲೆ ಕೂತು ಹೊಲಕ್ಕೆ ಹೋಗಿತ್ತು. ಅವರು ನೀರು ಬರಲಿಲ್ಲವೆನ್ನುತ್ತಾ ಅದನ್ನು ಹೊತ್ತುಕೊಂಡೇ ತಿರುಗುತ್ತಿದ್ದರು. ನನಗೆ ಅಲ್ಲೇ ಜೋರಾಗಿ ಅಳು ಬಂತು, ತಡೆಯ ಹೋಗಲಿಲ್ಲ.

ಸಾಹೇಬರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಮನೆಯವರಲ್ಲದವರು ಎಂಬ ಮಾತು ನೆನಪಾಗಿ ತಡೆದರು. ಮುರಿಗೆವ್ವ ಮದುವೆಯಾಗಿ ಬೇರೆ ಮನೆಯವಳು ಎಂದು ಅಂದಾನವ್ವ ಥಟ್ಟನೆ ಹೇಳಿದಳು. ಸಾಹೇಬರು ನಕ್ಕರು, ಬರೆದರು. ನೀರು ಉಂಟು, ಸಾಕ್ಷಿ ಮುರಿಗೆವ್ವ, ವಯಸ್ಸು ಇಪ್ಪತ್ತು. ನಾಲ್ಕನೆಯ ಇಯತ್ತೆ ಓದಿದವಳು, ಉಬ್ಬಿದ ಹೊಟ್ಟೆಯ ಮೇಲೆಯೇ ಪಟ್ಟಿ ಇಟ್ಟುಕೊಂಡು ದುಂಡಗೆ ಸಹಿ ಮಾಡಿದಳು.

ಮನೆಗೆ ಬಂದ ಮೇಲೆ ಅವಳು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ.

"ಅಪ್ಪಗ ಯಾಕ ಹೇಳಲಿಲ್ಲಬೇ?"

"ಹೆದರಿದೆ," ಎಂದೆ. ಅವಳು ಬಂದು ನನ್ನ ಪಕ್ಕದಲ್ಲಿ ಕೂತಳು. ಸಂಜೆಯವರೆಗೂ ಇಬ್ಬರೂ ಏಳಲಿಲ್ಲ.

ಮಳೆಗಾಲಕ್ಕೆ ಮುಂಚೆ ಸಾಹೇಬರು ಹೊರಟರು. ಹೊರಡುವ ಮುಂಚೆ ನಮ್ಮ ಮನೆಗೆ ಬಂದು, ಆ ರೊಟ್ಟಿಯ ತಾಟು ಆಮೇಲೆ ಏನಾಯಿತು ಎಂದು ಕೇಳಿದರು. ಸಾರು ಆಚೆಗೆ ಬಂದದ್ದನ್ನು ಹೇಳಿದೆ. ಅವರು ತಲೆಯಾಡಿಸಿ, ಆ ಕರಿ ಕಲ್ಲಿನ ತುಂಡನ್ನು ನಮ್ಮ ಕಟ್ಟೆಯ ಮೇಲೇ ಬಿಟ್ಟು ಹೋದರು. ಇವತ್ತಿಗೂ ಅದರಲ್ಲಿ ಖಾರ ಅರೆಯುತ್ತೇವೆ. ಒಂದು ತಿಂಗಳ ಮೇಲೆ ಅಂಚೆಯಲ್ಲಿ ಹೊಸ ನಕ್ಷೆ ಬಂತು. ಬಿಳಿ ಕಾಗದವಿದ್ದಲ್ಲಿ ಮೂವತ್ತೇಳು ನೀಲಿ ಚುಕ್ಕೆಗಳಿದ್ದವು, ಅಂಚಿನಲ್ಲಿ ನಮ್ಮದೂ ಒಂದು. ಊರಿನ ಹೆಸರು ಹಾಕುವುದನ್ನು ಮಾತ್ರ ಮರೆತಿದ್ದರು.

ಮುರಿಗೆವ್ವನ ಮಗು ಹುಟ್ಟಿ ಹದಿನೇಳನೆಯ ದಿನ ನಾನು ಅಂಗಳದಲ್ಲಿ ಜೋಳ ಕೇರುತ್ತಿದ್ದೆ. ಕಟ್ಟಿದ್ದ ಎಮ್ಮೆ ತಲೆ ಎತ್ತಿತು. ಕಟ್ಟೆಯ ಮೇಲಿದ್ದ ಕರಿ ಕಲ್ಲು ಸಣ್ಣಗೆ ಅಲುಗಿತು. ನನ್ನ ಅಂಗಾಲಿಗೆ ಮೊದಲು ತಿಳಿಯಿತು, ಆಮೇಲೆ ಕಿವಿಗೆ. ಹಿತ್ತಲಿಗೆ ಹೋಗಿ ಬಗ್ಗಿದೆ. ಆಕಾಶ ಮೇಲೆ ಏರಿ ಬರುತ್ತಿತ್ತು, ಒಂದೊಂದೇ ಕಲ್ಲು, ಅವರು ಕೂರಿಸಿದ ಒಂದೊಂದೇ ಕಲ್ಲು ನೆನೆಯುತ್ತಾ. ತಾಟು ಎತ್ತಿಕೊಂಡು ಹೊಸ್ತಿಲಿಗೆ ಬಂದೆ. ಮೊದಲ ಏಟು ತಪ್ಪಿತು. ಎರಡನೆಯದು ಬಿತ್ತು.

ಮೂವತ್ತಾರು ಮನೆಯವರೂ ಬಂದರು. ನಮ್ಮ ಹೊಸ್ತಿಲನ್ನು ಕೊಡ ಹಿಡಿದು ಅವರು ದಾಟಿದ್ದು ಅದೇ ಮೊದಲು. ಅಂದಾನವ್ವ ಮೊದಲು ನಿಂತಳು. ಮಡಿವಾಳಪ್ಪ ಎಂದು ಕರೆದು ಕೊಡ ಇಳಿಸಿದಳು. ಅವಳ ಹಿಂದಿನವಳು ಮಡಿವಾಳಪ್ಪ ಎಂದಳು. ಸಿಂಪಿಗರ ಯಜಮಾನ, ಅಣ್ಣ, ತಮ್ಮ, ಅವರ ಹೆಂಡಿರು, ಶಾಲೆಯ ಮೇಷ್ಟ್ರು, ಒಬ್ಬೊಬ್ಬರೂ ಅದೇ ಹೆಸರು ಕರೆದರು. ನಾನು ಬಾಣಂತಿಯ ಕೋಣೆಯ ಬಾಗಿಲಲ್ಲಿ ಕೂತು ಕೇಳಿದೆ. ಹನ್ನೆರಡು ವರ್ಷ ಅವರು ಕಾದದ್ದು ಇದಕ್ಕೆ. ಒಂದು ಸಲವಾದರೂ ಕೇಳಿ ಹೋಗಬಾರದಿತ್ತೇ ಎಂದೂ ಅನ್ನಿಸಿತು, ಕೇಳಿಯೇ ಇರುತ್ತಾರೆ ಎಂದೂ ಅನ್ನಿಸಿತು.

ಬಿಸಿಲು ಇಳಿಯುವ ಹೊತ್ತಿಗೆ ಕಡೆಯ ಕೊಡ ಹೋಯಿತು. ಬೀದಿಗೆ ಬಂದು ಇನ್ನು ಯಾರಾದರೂ ಇದ್ದೀರಾ ಎಂದು ಕೇಳಿದೆ. ಯಾರೂ ಇರಲಿಲ್ಲ, ಆದರೆ ಯಾರೂ ಮನೆಗೂ ಹೋಗಿರಲಿಲ್ಲ. ಹಿತ್ತಲಿನ ತುಂಬ ಸುಮ್ಮನೆ ನಿಂತಿದ್ದರು. ಬಾವಿಕಟ್ಟೆಯ ಮೇಲೆ ಕೂತಿದ್ದ ಅಂದಾನವ್ವ ಹಗ್ಗದ ತುದಿಯನ್ನು ನನ್ನ ಕೈಗೆ ಕೊಟ್ಟಳು.

"ಹೆಸರು ಹೇಳಿ ಸೇದವ್ವ," ಎಂದಳು.

ಮದುವೆಯ ದಿನ ಒಗಟಿನಲ್ಲಿಟ್ಟು ಹೇಳಿದ್ದು ಬಿಟ್ಟರೆ ಅವರ ಹೆಸರು ನನ್ನ ಬಾಯಿಂದ ಬಂದದ್ದಿಲ್ಲ. ಅವರು, ಇವರು, ನಮ್ಮವರು, ಮುರಿಗೆವ್ವನ ಅಪ್ಪ, ಇಷ್ಟರಲ್ಲೇ ಸಂಸಾರ ಮುಗಿದಿತ್ತು. ಒಳಗೆ ತೊಟ್ಟಿಲಲ್ಲಿ ಮಗು ಕಿರುಗುಟ್ಟಿತು, ಮುರಿಗೆವ್ವ ತೂಗಿದ ಸದ್ದು ಬಂತು. ನಾನು ಬಾವಿಯ ಬಾಯಿಗೆ ಬಗ್ಗಿ, ಅವರು ಕೆಳಗಿಳಿದಾಗ ಊಟಕ್ಕೆ ಕರೆಯಬೇಕಾದರೆ ಎಷ್ಟು ಗಟ್ಟಿಯಾಗಿ ಕರೆಯಬೇಕಿತ್ತೋ ಅಷ್ಟು ಗಟ್ಟಿಯಾಗಿ ಕರೆದೆ.

"ಮಡಿವಾಳಪ್ಪ."

ಕೊಡ ಮುಳುಗಿದ್ದು ಕೈಗೆ ತಿಳಿಯಿತು. ಎಳೆದುಕೊಂಡು, ಕಟ್ಟೆಯ ಮೇಲಿಟ್ಟು, ಬೊಗಸೆಯಲ್ಲಿ ಮೊಗೆದು ಕುಡಿದೆ. ಆವತ್ತು ಕೂಸಿಗೆ ಕುಡಿಸಿದ್ದೇ ಹೊರತು ನಾನು ಒಂದು ಹನಿಯನ್ನೂ ಬಾಯಿಗೆ ಹಾಕಿರಲಿಲ್ಲ, ಅದರ ರುಚಿ ಹೇಗಿದ್ದೀತೆಂದು ಹತ್ತೊಂಬತ್ತು ವರ್ಷ ಯೋಚಿಸಿದ್ದೆ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಅಂದಾನವ್ವನ ಮನೆಯಲ್ಲಿ, ಸಿಂಪಿಗರ ಮನೆಯಲ್ಲಿ, ಶಾಲೆಯಲ್ಲಿ, ಅಣ್ಣನ ಹಿತ್ತಲಲ್ಲಿ, ತಮ್ಮನ ಅಂಗಳದಲ್ಲಿ ಇಷ್ಟು ವರ್ಷ ದಿನಾ ಕುಡಿದದ್ದು ಇದೇ ನೀರು.